ನೆಗಡಿ ಹಿಡಿದ ಕೋವಿ

ಅಂಗಲ್ಲ ಕಣವ್ವ ಚಂದನ, ಅಗ್ಗದ್ದು ಅಂದ ಮಾತ್ರಕ್ಕೆ ಕೆಲ್ಸಕ್ಕೆ ಬಾರದ್ದು ಅಂತ ಆಗಲ್ಲ. ನೀನು ಆ ಮೊಬೈಲಲ್ಲಿ ಕೋವಿ ಆಟ ಆಡ್ತೀಯಲ್ಲ, ಅದ್ರಾಗೆ ಚಿನ್ನದ ಬಣ್ಣದ ಕೋವಿ ತಗೊಂಡಿದ್ದೀಯ, ಅದಕ್ಕೆ ಹುಲಿ ಮುಖ ಬೇರೆ, ಆದ್ರೂ ದಿನಕ್ಕೆ ಹತ್ತು ಸಲ ಸಾಯ್ತೀಯ. ನಾನು ಹಾಸನದ ಕೋವಿ ಅಂಗಡೀಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದನ್ನೇ ತಂದೋನು. ಇವತ್ತಿಗೂ ಬದುಕಿದ್ದೀನಿ, ನೋಡು. ಏನಂದೆ? ಡ್ಯಾಮೇಜ್ ಎಷ್ಟು ಅಂತಾನಾ? ಎರಡು ಮೇಕೆ. ನಿಮ್ಮಜ್ಜಿ ಲೆಕ್ಕದಲ್ಲಿ ಎರಡು ಮೇಕೆ ಡ್ಯಾಮೇಜು. ನಗ್ಬೇಡ್ರಿ ಮಕ್ಳಾ, ಒಳಗೆ ಕೇಳಿಸ್ತದೆ ಅವಳಿಗೆ, ಮೇಕೆ ವಿಷ್ಯಕ್ಕೆ ಇನ್ನೂ ಸಮಾಧಾನ ಆಗಿಲ್ಲ.

ಆವಾಗ ನಾವು ನುಗ್ಗೇಹಳ್ಳಿ ಕಡೆ ಇದ್ವಿ, ನಿಮ್ಮಪ್ಪ ಇನ್ನೂ ತೊಟ್ಲಲ್ಲಿ. ನಾನು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡೀಲಿ ಮೂಟೆ ಹೊರ್ತಿದ್ದೆ. ಒಂದಿನ ಲಾರಿ ಮೇಲಿಂದ ಮೂಟೆ ಜಾರಿ ನನ್ನ ಎಡಗಡೆ ಭುಜದ ಮೇಲೆ ಬಿತ್ತು. ಮೂಟೆಗೇನೂ ಆಗ್ಲಿಲ್ಲ, ಒಂದು ಕಾಯೂ ಒಡೀಲಿಲ್ಲ, ಯಜಮಾನ್ರು ಎಣಿಸಿ ನೋಡಿ ಬಹಳ ಸಂತೋಷಪಟ್ರು. ಭುಜ ಹೋಯ್ತು. ಕೈ ಇಷ್ಟು ಮೇಲಕ್ಕೆ ಎತ್ತಿದ್ರೆ ಕಣ್ಣಲ್ಲಿ ನೀರು. ಭುಜ ಇಲ್ಲದ ಹಮಾಲಿ ಅಂದ್ರೆ ಗೊತ್ತಲ್ಲ, ಮಂಡಿಯವರು ಟೀ ಕೊಡ್ತಾರೆ, ಕೆಲ್ಸ ಕೊಡಲ್ಲ. ಒಂದು ತಿಂಗ್ಳು ಟೀ ಕುಡ್ದೆ. ಆಗ ಮಂಡೀಲಿ ಒಬ್ಬ ಹೇಳ್ದ, ಹಾಸನದಲ್ಲಿ ಒಂದು ಸೆಕ್ಯೂರಿಟಿ ಏಜೆನ್ಸಿ ಇದೆ, ಬ್ಯಾಂಕುಗಳಿಗೆ ಆಳು ಕಳಿಸ್ತಾರೆ, "ಬರೀ ಕೈಯಲ್ಲಿ ಓದ್ರೆ ನೀನು ವಾಚ್‌ಮನ್ನು ಕಣ್ಲಾ ಪುಟ್ಟಸ್ವಾಮಿ, ಸ್ವಂತ ಕೋವಿ ತಗೊಂಡ್ ಓದ್ರೆ ಗನ್‌ಮ್ಯಾನು, ಸಂಬ್ಳ ಡಬಲ್ಲು, ಮೂಟೆ ಗೀಟೆ ಏನೂ ಇಲ್ಲ, ಸುಮ್ಕೆ ನಿಂತ್ಕಳದು" ಅಂತ. ಸುಮ್ನೆ ನಿಂತ್ಕಳದು ಅಂದ ತಕ್ಷಣ ನಂಗೆ ಇದು ದೇವ್ರು ನನಗೋಸ್ಕರಾನೇ ಮಾಡಿರೋ ಕೆಲ್ಸ ಅನ್ನಿಸ್ಬುಡ್ತು.

ಲೈಸೆನ್ಸು ಇತ್ತು ನಮ್ಮಲ್ಲಿ, ಕೋವಿ ಇರ್ಲಿಲ್ಲ. ನಮ್ಮಪ್ಪನ ಕಾಲದ್ದು, ಹೊಲಕ್ಕೆ ಹಂದಿ ಬೀಳ್ತಾವೆ ಅಂತ ಬೆಳೆ ಕಾಯೋಕೆ ಕೊಟ್ಟಿದ್ದ ಲೈಸೆನ್ಸು, ಅಪ್ಪ ಹೋದ್ಮೇಲೆ ನನ್ನ ಹೆಸರಿಗೆ ಆಗಿತ್ತು. ಅಪ್ಪನ ಕೋವಿ ತುಕ್ಕು ತಿಂದು ತಿಂದು ಕಡೇಗೆ ಒಲೆ ಊದೋ ಕೊಳವೆ ಆಗಿತ್ತು. ಇಲ್ಲ ಇಲ್ಲ, ಒಲೆ ಊದೋದು ಬೇರೆ, ಇದು ಹುರುಳಿಬಳ್ಳಿಗೆ ಊರುಗೋಲು ಆಗಿತ್ತು. ಏನೋ ಒಂದು ಆಗಿತ್ತು. ಹೊಸದು ತರೋಣ ಅಂದ್ರೆ ಮನೇಲಿ ಮಾರೋವಂಥದ್ದು ಎರಡೇ ಇದ್ದದ್ದು, ನಿಮ್ಮಜ್ಜಿ ಗೌರಮ್ಮನ ಮೇಕೆಗಳು. ಅವಳು ತವರಿಂದ ತಂದಿದ್ದ ಮೇಕೆ ಸಂತಾನ. ಕೇಳಿದ್ದಕ್ಕೆ ಅವಳು ಒಂದೇ ಮಾತು ಅಂದ್ಳು, "ಮೇಕೆ ಆಲು ಕೊಡ್ತದೆ, ಕೋವಿ ಏನ್ ಕೊಡ್ತದೆ?" ನಾನು "ಕೆಲ್ಸ ಕೊಡ್ತದೆ ಕಣೆ" ಅಂದೆ. "ಕೊಡ್ದೇ ಓದ್ರೆ?" ಅಂದ್ಳು. ನಾನು ಮೇಕೆ ಹಗ್ಗ ಬಿಚ್ಚೋಕೆ ಹೋದೆ.

ಹಾಸನದ ಅಂಗಡಿಯವರು ಬಲು ಮರ್ಯಾದಸ್ಥರು. ಮೊದ್ಲು ಒಂದು ಜೋಡಿ ನಳಿಗೆದು ತೋರಿಸಿದ್ರು, ನಾನು ತಲೆ ಆಡಿಸ್ದೆ. ಆಮೇಲೆ ಇನ್ನೊಂದು ತೋರಿಸಿದ್ರು, ನಾನು ಮತ್ತೆ ತಲೆ ಆಡಿಸ್ದೆ. ಮೂರನೇದಕ್ಕೆ ಅವರಿಗೆ ಅರ್ಥ ಆಯ್ತು, ಬಾಗ್ಲ ಹಿಂದೆ ಕೈ ಹಾಕಿ, ಪೊರಕೆ ಪಕ್ಕದಿಂದ ಒಂದು ತೆಗೆದ್ರು. ಒಂದು ನಳಿಗೆ, ಒಂದು ಸುತ್ತಿಗೆ, ತೋಟಾಕ್ಕೆ ಕುಟ್ಟೋ ಒಂದು ಮುಳ್ಳು, ಬೆರಳಲ್ಲಿ ಎಳೆಯೋ ಒಂದು ಕುದುರೆ, ಒಂದು ಹಲಸಿನ ಬಣ್ಣದ ಮರದ ಹಿಡಿ. ಮಧ್ಯಕ್ಕೆ ಮುರಿದು ಒಂದು ತೋಟಾ ತುಂಬಿ ಮುಚ್ಚೋದು, ಅಷ್ಟೆ. "ಸಾ, ಇದು ಕೆಡಲ್ವಾ?" ಅಂದೆ. ಅವರು ನನ್ನ ಮುಖ ನೋಡಿ, "ಕೆಡೋಕೆ ಇದ್ರಲ್ಲಿ ಏನಿದೆ ಹೇಳಿ ಯಜಮಾನ್ರೆ? ದುಬಾರಿ ಕೋವೀಲಿ ಇಪ್ಪತ್ತು ಸಾಮಾನು, ಇಪ್ಪತ್ತೂ ಕೆಡಬಹುದು. ಇದ್ರಲ್ಲಿ ಐದೇ" ಅಂದ್ರು. ಆ ಮಾತು ನಂಗೆ ಬಹಳ ಹಿಡಿಸ್ತು. ಹೊರಡೋವಾಗ ಎಣ್ಣೆ ಮಾತ್ರ ಆಗಾಗ ಬಿಡ್ತಾ ಇರಿ ಅಂದ್ರು. ಯಾವ ಎಣ್ಣೆ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಕೇಳೋದು ಏನು ಬಂತು? ತೆಂಗಿನ ಸೀಮೇಲಿ ಹುಟ್ಟಿದೋನಿಗೆ ಎಣ್ಣೆ ಅಂದ್ರೆ ಒಂದೇ ಎಣ್ಣೆ. ತಲೆಗೂ ಅದೇ, ಬಾಗ್ಲ ಚಿಲಕಕ್ಕೂ ಅದೇ, ಬಾಣಂತಿಗೂ ಅದೇ, ಗಾಡಿ ಕೀಲಿಗೂ ಅದೇ. ನಮ್ಮನೆ ಕೊಬ್ರಿ, ಗಾಣದಲ್ಲಿ ಆಡಿಸಿದ ಎಣ್ಣೆ, ಮೂಸಿದ್ರೆ ಅನ್ನಕ್ಕೆ ಕಲಸ್ಕೊಂಡು ತಿನ್ನೋಣ ಅನ್ನಿಸ್ತಿತ್ತು. ಅದನ್ನ ಆ ಕೋವಿಗೆ ವಾರಕ್ಕೆ ಎರಡು ಸಲ, ಮಂಗಳವಾರ ಒಂದು ಶುಕ್ರವಾರ ಒಂದು, ಸೌಟಿನಲ್ಲಿ ಬಿಟ್ಟು ತಿಕ್ಕಿದೆ. ಆಯುಧಪೂಜೆ ದಿನ ಅಂತೂ ಅಭ್ಯಂಜನವೇ.

ಏಜೆನ್ಸಿಗೆ ಹೋಗಿ ಹೆಸರು ಬರ್ಸಿ ಬಂದೆ. ಜಾಗ ಖಾಲಿ ಆದಾಗ ಕಾಗದ ಹಾಕ್ತೀವಿ, ಕೋವಿ ಹಾರಿಸಿ ತೋರಿಸ್ಬೇಕು, ಆಮೇಲೆ ಕೆಲ್ಸ ಅಂದ್ರು. ಸರಿ, ಬೇಸಿಗೆ ಪೂರ್ತಿ ನಮ್ಮ ಕೋವಿ ಏನು ಚೆನ್ನಾಗಿತ್ತು ಅಂತೀರಿ! ಕಡ್ಲೆಕಾಯಿ ಹೊಲಕ್ಕೆ ಹಂದಿ ಬಂದ್ರೆ ಆಕಾಶಕ್ಕೆ ಒಂದು, ಢಂ, ಹಂದಿ ಪಕ್ಕದ ಹೋಬಳಿಗೆ. ಅಗ್ಗದ ಕೋವಿ ಅಂತ ನಕ್ಕೋರೆಲ್ಲ ಬಂದು ಮುಟ್ಟಿ ನೋಡಿದ್ರು. ದೀಪಾವಳಿ ಕಳೀತು, ಚಳಿ ಬಿತ್ತು. ಒಂದಿನ ಬೆಳಿಗ್ಗೆ ಮಂಜಲ್ಲಿ ಹಂದಿ ಬಂದ್ವು ಅಂತ ಓಡೋಗಿ ಆಕಾಶಕ್ಕೆ ಹಿಡಿದು ಕುದುರೆ ಎಳೆದೆ. ಟಿಕ್. ಅಷ್ಟೆ. ಮತ್ತೆ ಎಳೆದೆ. ಟಿಕ್. ಒಂದು ಹಂದಿ ತಲೆ ಎತ್ತಿ ನನ್ನ ನೋಡ್ತು, ಏನಾದ್ರೂ ಸಹಾಯ ಬೇಕಾ ಅನ್ನೋ ಥರ, ಆಮೇಲೆ ಕಡ್ಲೆಕಾಯಿ ತಿನ್ನೋಕೆ ಮುಂದುವರೀತು. ಮನೆಗೆ ಬಂದೆ, ತೋಟಾ ತೆಗ್ದು ಕೋವಿ ಒರಗಿಸ್ದೆ. ಗೌರಮ್ಮ ರೊಟ್ಟಿ ತಟ್ತಾ, ಮುಖಾನೂ ತಿರುಗಿಸ್ದೆ, "ಮೇಕೆ ಇದ್ದಿದ್ರೆ ಇಷ್ಟೊತ್ಗೆ ಮರಿ ಆಕಿರದು" ಅಂದ್ಳು. ಅದೇ ಕೋವಿ ಮಧ್ಯಾಹ್ನ ಎಳೆದ್ರೆ ಢಂ ಅಂತು! ಮಾರನೇ ದಿನ ಬೆಳಿಗ್ಗೆ ಟಿಕ್, ಮಧ್ಯಾಹ್ನ ಢಂ. ಮೂರು ದಿನ ನೋಡ್ದೆ. ನಾಲ್ಕನೇ ದಿನ ನಂಗೆ ರೋಗ ಗೊತ್ತಾಯ್ತು. ಕೋವಿಗೆ ನೆಗಡಿ.

ನಗ್ರಿ, ನಗ್ರಿ. ಆದ್ರೆ ಯೋಚ್ನೆ ಮಾಡಿ, ಬೆಳಿಗ್ಗೆ ಮೂಗು ಕಟ್ತದೆ, ಬಿಸಿಲು ಬಂದ್ರೆ ಬಿಡ್ತದೆ, ಇನ್ನೇನದು? ಅಗ್ಗದ ಕಬ್ಬಿಣ, ತೆಳ್ಳಗೆ ಮಾಡಿದ್ದಾರೆ, ಚಳಿ ತಡೆಯಲ್ಲ ಅಂತ ನಾನು ತೀರ್ಮಾನ ಮಾಡ್ದೆ. ನೆಗಡಿ ಅಂದ್ಮೇಲೆ ಔಷಧಿ ನಮ್ಮನೇಲೇ ಇತ್ತು. ನಿಮ್ಮಪ್ಪನಿಗೆ ಮೂಗು ಕಟ್ಟಿದ್ರೆ ಅಜ್ಜಿ ಏನ್ ಮಾಡ್ತಿದ್ಳು? ಕೊಬ್ರಿ ಎಣ್ಣೆ ಬಿಸಿ ಮಾಡಿ, ಒಂದು ಚೂರು ಕರ್ಪೂರ ಹಾಕಿ, ಎದೆಗೆ ತಿಕ್ಕೋಳು. ನಾನು ಕೋವಿಗೆ ಅದೇ ಮಾಡ್ದೆ. ಸಂಜೆ ಎಣ್ಣೆ ಬಿಸಿ ಮಾಡಿ ಒಳಗೂ ಹೊರಗೂ ಧಾರಾಳವಾಗಿ ಬಿಟ್ಟು, ಕಂಬಳಿ ಸುತ್ತಿ, ಬಚ್ಚಲ ಒಲೆ ಗೋಡೆ ಪಕ್ಕ ಮಲಗಿಸ್ದೆ. ತಿಕ್ಕಿದ ತಕ್ಷಣ ಹಾರಿಸಿ ನೋಡಿದ್ರೆ, ಢಂ! ಔಷಧಿ ಹತ್ತಿತು ಅಂತ ನಂಗೆ ಎಷ್ಟು ಖುಷಿ. ಬೆಳಿಗ್ಗೆ ಟಿಕ್. ಔಷಧಿ ಸಾಲದು ಅಂತ ಇನ್ನೊಂದು ಸೌಟು ಬಿಟ್ಟೆ. ಬೆಳಿಗ್ಗೆ ಟಿಕ್ಕೂ ಇಲ್ಲ, ಒಂಥರಾ ನಿದ್ದೆಯಲ್ಲಿ ಬಾಯಿ ಚಪ್ಪರಿಸಿದಂಗೆ ಲೊಟ್ ಅಂತ ಸದ್ದು. ಗೊತ್ತಾ, ಅದೇ ಹೊತ್ತಲ್ಲಿ ಜಗಲಿ ಮೇಲೆ ನಿಮ್ಮಜ್ಜಿ ತಲೆಗೆ ಹಚ್ಕೊಳ್ಳೋ ಎಣ್ಣೆ ಬಾಟ್ಲು ಬಿಸಿಲಿಗೆ ಇಟ್ಟಿರ್ತಿದ್ಳು, ಗಟ್ಟಿ ಆಗಿರೋದು ಕರಗಲಿ ಅಂತ. ದಿನಾ ನಾನು ಆ ಬಾಟ್ಲು ದಾಟ್ಕೊಂಡೇ ಕೋವಿ ಹಿಡ್ಕೊಂಡು ಓಡಾಡ್ತಿದ್ದೆ. ಕಣ್ಣು ನೋಡ್ತು, ತಲೆಗೆ ಹೋಗ್ಲಿಲ್ಲ. ಮಧ್ಯೆ ಭುಜದ ಹತ್ರಾನೇ ನಿಂತೋಯ್ತೇನೋ.

ಅಂಥಾ ಚಳೀಲಿ, ಸಂಕ್ರಾಂತಿಗೆ ಮುಂಚೆ, ಏಜೆನ್ಸಿ ಕಾಗದ ಬಂತು. ಚನ್ನರಾಯಪಟ್ಟಣದ ಒಂದು ಬ್ಯಾಂಕಲ್ಲಿ ಒಂದೇ ಜಾಗ ಇದೆ, ಇಂಥ ದಿನ ಬೆಳಿಗ್ಗೆ ಎಂಟಕ್ಕೆ ಹಾಸನದ ಆಚೆ ಕಲ್ಲು ಕ್ವಾರಿ ಹತ್ರ ಬಂದು ಕೋವಿ ಪರೀಕ್ಷೆ ಕೊಡಿ. ಬೆಳಿಗ್ಗೆ ಎಂಟು! ಮಧ್ಯಾಹ್ನ ಎರಡು ಅಂದಿದ್ರೆ ನಾನು ರಾಜ. ನಿಮ್ಮಜ್ಜಿ ಕಾಗದ ಓದಿಸಿ ಕೇಳಿ, "ಇದೂ ಕೈ ತಪ್ಪಿದ್ರೆ ಇನ್ನೇನೈತೆ ನಮ್ಗೆ?" ಅಂದ್ಳು. ವ್ಯಂಗ್ಯ ಇರ್ಲಿಲ್ಲ ಅವತ್ತು. ನಿಜವಾಗ್ಲೂ ಕೇಳಿದ್ಳು. ಭುಜ ಇಲ್ಲ, ಮೇಕೆ ಇಲ್ಲ, ಕಡ್ಲೆಕಾಯಿ ಹಂದಿ ಪಾಲು. ಮೇಕೆ ಮಾತು ಎತ್ತದೇ ಇದ್ದದ್ದೇ ನಂಗೆ ಹೆದರಿಕೆ ಆಯ್ತು.

ಮೊದಲನೇ ಬಸ್ಸು ಹತ್ತಿದೆ. ಖಾಲಿ ಕೋವಿ, ತೋಟಾ ಬೇರೆ ಚೀಲದಲ್ಲಿ, ಲೈಸೆನ್ಸು ಜೇಬಲ್ಲಿ, ಕೋವಿಗೆ ಎರಡು ಸುತ್ತು ಕಂಬಳಿ. ಆಗಿನ ಬಸ್ಸಲ್ಲಿ ಡ್ರೈವರ್ ಪಕ್ಕ ಇಂಜಿನ್ ಮೇಲೆ ಒಂದು ಮುಚ್ಚಳ ಇರೋದು, ದೋಸೆ ಹುಯ್ಯೋಷ್ಟು ಬಿಸಿ. ಅದ್ರ ಮೇಲೆ ಕಂಬಳಿ ಗಂಟು ಮಲಗಿಸಿ ಮೇಲೊಂದು ಕೈ ಇಟ್ಕೊಂಡು ಕೂತೆ. ಪಕ್ಕದಲ್ಲಿ ಒಬ್ಬ ಅಜ್ಜಮ್ಮ, ಸೊಪ್ಪಿನ ಕುಕ್ಕೆ ಇಟ್ಕೊಂಡು, ಸ್ವಲ್ಪ ಹೊತ್ತು ನೋಡಿದ್ಳು, ತಡೀಲಿಲ್ಲ. "ಎಷ್ಟು ತಿಂಗ್ಳು ಮಗ?" ಅಂದ್ಳು. ನಾನು "ಹತ್ತು ತಿಂಗ್ಳಾಯ್ತು ತಂದು" ಅಂದೆ. "ಮುಸುಡಿ ಮುಚ್ಬ್ಯಾಡ ಕಣಪ್ಪ, ಉಸುರು ಕಟ್ತದೆ." "ನೆಗಡಿ ಕಣವ್ವ, ಗಾಳಿ ಆಡಬಾರ್ದು." "ಅಯ್ಯೋ ಪಾಪ, ಕೊಬ್ರೆಣ್ಣೆ ತಿಕ್ಕಿದ್ಯಾ?" "ದಿನಾ ತಿಕ್ತೀನಿ." "ಇನ್ನೂ ತಿಕ್ಕು." ನೋಡಿ, ಜಿಲ್ಲೆಗೆ ಜಿಲ್ಲೆಯೇ ನನ್ನ ಪರವಾಗಿತ್ತು. ಅಷ್ಟರಲ್ಲಿ ಕಂಡಕ್ಟರ್ ಬಂದ, "ಏನ್ಲಾ ಅದು?" "ಕೋವಿ ಸಾ, ಲೈಸೆನ್ಸ್ ಐತೆ." ಅಜ್ಜಮ್ಮ ಕುಕ್ಕೆ ಎತ್ಕೊಂಡು ಹಿಂದಿನ ಸೀಟಿಗೆ ಹೋಗಿ ಕೂತಳು, ಹಾಸನದವರೆಗೂ ನನ್ನ ಕಡೆ ತಿರುಗ್ಲಿಲ್ಲ.

ಕ್ವಾರೀಲಿ ಇಳಿದಾಗ ಕೋವಿ ಬಿಸಿ ಬಿಸಿ ಇತ್ತು. ಆಗ್ಲೇ ಹಾರಿಸಿದ್ರೆ ಮುಗ್ದೋಗ್ತಿತ್ತು. ಆದ್ರೆ ಪರೀಕ್ಷೆ ಮಾಡೋಕೆ ಬಂದಿದ್ದ ಸುಬೇದಾರ್ ಸಾಹೇಬ್ರು, ಸೈನ್ಯದಿಂದ ನಿವೃತ್ತಿ ಆಗಿ ಏಜೆನ್ಸಿ ಸೇರಿದ್ದೋರು, ಬೆನ್ನು ಬಾಗ್ಲ ಅಗುಳಿ ಥರ ನೆಟ್ಟಗೆ, ಅವರು "ಜೋಡಿ ನಳಿಗೆಯೋರು ಮೊದ್ಲು" ಅಂದ್ರು. ನನ್ನ ಬಿಟ್ಟು ನಾಲ್ಕೂ ಜನ ಜೋಡಿ ನಳಿಗೆಯೋರೇ. ಮಂಜು ಬೀಳ್ತಾ ಇದೆ, ನನ್ನ ಕೋವಿ ಆರ್ತಾ ಇದೆ. ಕಂಬಳಿ ಬಿಚ್ಚದೆ ಎದೆಗೆ ಅವುಚ್ಕೊಂಡು ಕ್ವಾರಿ ಸುತ್ತ ಓಡಾಡ್ದೆ. ಮೂವರು ಹಾರಿಸಿದ್ರು, ಚೆನ್ನಾಗೇ ಹಾರಿಸಿದ್ರು, ಆದ್ರೆ ಒಬ್ಬನ ಲೈಸೆನ್ಸು ಮುಗ್ದಿತ್ತು, ಒಬ್ಬನಿಗೆ ಕಣ್ಣು ಕಾಣ್ತಿರ್ಲಿಲ್ಲ, ಇನ್ನೊಬ್ಬ ಮೂರು ದಿನ ರಜ ಮೊದ್ಲು ಬೇಕು ಅಂದ. ನಾಲ್ಕನೇವರು ಹೊಳೆನರಸೀಪುರದ ದೊಡ್ಡ ಮನೆಯೋರು, ರಂಗೇಗೌಡ್ರು ಅಂತ. ತಾತನ ಕಾಲದ ವಿಲಾಯ್ತಿ ಕೋವಿ, ಬೆಳ್ಳಿ ಕೆತ್ತನೆ, ಮಖಮಲ್ ಪೆಟ್ಟಿಗೆ. ಅದ್ರ ಬೆಲೆಗೆ ನಮ್ಮೂರಲ್ಲಿ ಒಂದು ತೋಟ ಬರ್ತಿತ್ತು. ಸುಬೇದಾರ್ರು "ಹಾರಿಸಿ" ಅಂದ್ರು. ಗೌಡ್ರು ಗಾಬ್ರಿ ಆದ್ರು. "ಆರಿಸದಾ? ಒಳಗೆಲ್ಲಾ ಮಸಿ ಆಗಲ್ವಾ ಸಾ?"

"ಕಳ್ಳ ಬಂದ್ರೆ ಏನ್ ಮಾಡ್ತೀರ?"

"ತೋರುಸ್ತೀನಿ ಸಾ. ಇದನ್ನ ನೋಡಿದ್ರೆ ಯಾರಿಗಾದ್ರೂ ಗೌರವ ಬತ್ತದೆ."

"ಬರದಿದ್ರೆ?"

ಗೌಡ್ರು ಯೋಚ್ನೆ ಮಾಡಿ, ಕೋವೀನ ಪೆಟ್ಟಿಗೆಗೆ ಮಲಗಿಸಿ, ಮುಚ್ಚಳ ಹಾಕಿ, ನಮಸ್ಕಾರ ಹೇಳಿ ಹೊರಟೋದ್ರು. ದುಬಾರಿ ಕೋವಿ ಕಷ್ಟ ಅದೇ ಕಣವ್ವ, ಅದು ಮನುಷ್ಯನ್ನ ಕಾಯಲ್ಲ, ಮನುಷ್ಯ ಅದನ್ನ ಕಾಯ್ಬೇಕು. ಈಗ ಉಳಿದೋನು ನಾನೊಬ್ಬ. ಜಾಗ ಒಂದು, ನಾನೂ ಒಂದು. ಕೋವಿ ಮುಟ್ಟಿ ನೋಡ್ದೆ. ಬಾವಿ ನೀರಿನಂಗೆ ತಣ್ಣಗೆ.

ಬಂಡೆ ಕಡೆ ತಿರುಗಿಸಿ, ತೋಟಾ ತುಂಬಿ, ಮನೆದೇವ್ರನ್ನ ನೆನೆದು ಎಳೆದೆ. ಲೊಟ್. ಸುಬೇದಾರ್ರು "ಹಂಗೇ ಹಿಡ್ಕೊ, ತಿರುಗಿಸ್ಬೇಡ, ಸ್ವಲ್ಪ ಹೊತ್ತು ತಡಿ" ಅಂದ್ರು. ತಡೆದೆ. "ಈಗ ಇನ್ನೊಂದು ಸಲ." ಲೊಟ್. "ಮೂರೇ ಅವಕಾಶ, ಒಂದೇ ಉಳಿದಿರೋದು. ಏನಯ್ಯ ಇದಕ್ಕೆ?" ನಾನು ಸುಳ್ಳು ಹೇಳೋಕೆ ನೋಡ್ದೆ, ಹೊಳೀಲಿಲ್ಲ. "ನೆಗಡಿ ಸಾ" ಅಂದೆ. "ಏನು?" "ಕೋವಿಗೆ ನೆಗಡಿ ಸಾ. ಹನ್ನೊಂದು ಗಂಟೆ ಬಿಸಿಲು ಕೊಡ್ಸಿ, ಗುಂಡು ಹೆಂಗ್ ಆರ್ತದೆ ನೋಡಿ." ಅವರು ಕೋವಿ ಇಸ್ಕೊಂಡ್ರು, ತೋಟಾ ತೆಗೆದಿಟ್ರು, ಒಂದು ಸಣ್ಣ ತಿರುಪುಳಿ ತೆಗ್ದು ಸುತ್ತಿಗೆ ಹಿಂದೆ ಬಿಚ್ಚಿದ್ರು. ಒಳಗಡೆ ಬೆಳ್ಳಗೆ, ಗಟ್ಟಿಯಾಗಿ, ಬೆಣ್ಣೆ ಮುದ್ದೆ ಥರ. ಮುಳ್ಳು ಹೋಗಿ ತೋಟಾಕ್ಕೆ ಕುಟ್ಟಬೇಕಲ್ಲ, ಅದು ಈ ಮುದ್ದೆ ಒಳಗೆ ಸಿಕ್ಕೊಂಡಿದೆ. ಅವರು ಉಗುರಲ್ಲಿ ಕೆರೆದು ಮೂಸಿದ್ರು. ಮತ್ತೆ ಮೂಸಿದ್ರು. "ಇದೇನಯ್ಯ, ಮಿಠಾಯಿ ಅಂಗಡಿ ವಾಸ್ನೆ!"

"ಕೊಬ್ರಿ ಎಣ್ಣೆ ಸಾ. ಮನೇದು. ಕರ್ಪೂರ ಹಾಕಿರೋದು."

ಸುಬೇದಾರ್ರು ಉಗುರನ್ನ ಮೂರನೇ ಸಲ ಮೂಸಿದ್ರು. ಆಮೇಲೆ ಅವರ ಮೀಸೆ ಅಲ್ಲಾಡ್ತು. ಆಮೇಲೆ ಹೊಟ್ಟೆ ಅಲ್ಲಾಡ್ತು. ಆಮೇಲೆ ಆ ನೆಟ್ಟಗಿನ ಬೆನ್ನು ಬಾಗಿ ಹೋಯ್ತು, ಕಲ್ಲಿನ ಮೇಲೆ ಕೂತ್ಬುಟ್ರು, ಕಣ್ಣೀರು ಒರೆಸ್ಕೊಂಡ್ರು, ಮತ್ತೆ "ಕರ್ಪೂರ" ಅಂದ್ರು, ಮತ್ತೆ ನಕ್ರು. ಅವರು ನಗೋದು ನೋಡಿ ನಂಗೂ ನಗು ಬಂತು, ಯಾಕೆ ಅಂತ ಗೊತ್ತಿಲ್ದೆ. ಕೆಲ್ಸ ಹೋಗ್ತಾ ಇರೋವಾಗ ನಗೋದು ಬಲು ವಿಚಿತ್ರ ಕಣ್ರವ್ವ, ನಿಲ್ಲೋದೇ ಇಲ್ಲ. ಕಡೇಗೆ ಅವರು ಎದ್ದು ನನ್ನ ಕೈ ಹಿಡಿದು ನನ್ನ ಮೂಗಿಗೇ ಒತ್ತಿದ್ರು. "ಮೂಸು. ಏನ್ ವಾಸ್ನೆ?"

"ನಮ್ಮನೆ ವಾಸ್ನೆ ಸಾ."

"ಅದೇ ರೋಗ. ಚಳಿಗೆ ಕೊಬ್ರಿ ಎಣ್ಣೆ ಏನಾಗ್ತದಯ್ಯ?"

ಆಗ, ಆ ಹೊತ್ತಿಗೆ, ಆ ಬಾಟ್ಲು ನನ್ನ ತಲೆಗೆ ಬಂತು. ಅವರು ಚೀಲದಿಂದ ಸೀಮೆಎಣ್ಣೆ ತೆಗ್ದು ಎಲ್ಲಾ ತೊಳೆದು, ಬಟ್ಟೇಲಿ ಒರೆಸಿ, ಹೊಲಿಗೆ ಮಿಷನ್ನಿಗೆ ಬಿಡೋ ತೆಳ್ಳನೆ ಎಣ್ಣೆ ಒಂದೇ ಒಂದು ತೊಟ್ಟು ಬಿಟ್ರು. ಸೌಟಲ್ಲ, ತೊಟ್ಟು. ತಿರುಪು ಹಾಕಿ ನನ್ನ ಕೈಗೆ ಕೊಟ್ರು. ಮೂರನೇ ಸಲ. ಎಳೆದೆ. ಢಂ! ಕ್ವಾರಿಗೆ ಕ್ವಾರಿನೇ ಮಾರ್ದನಿ ಕೊಡ್ತು, ಬಂಡೆ ಮೇಲಿದ್ದ ಕಾಗೆಗಳೆಲ್ಲ ಆಕಾಶಕ್ಕೆ. ಅವರೇ ಇಸ್ಕೊಂಡು ಇನ್ನೆರಡು ಹಾರಿಸಿದ್ರು. ಢಂ, ಢಂ. ಆ ಚಳೀಲೇ! ನಳಿಗೆ ತಟ್ಟಿ, "ಒಳ್ಳೆ ಕೋವಿ ಕಣಯ್ಯ. ಇಷ್ಟು ಅಗ್ಗಕ್ಕೆ ಇಷ್ಟು ನಿಯತ್ತು ನಾನು ನೋಡಿಲ್ಲ. ಅಷ್ಟು ಎಣ್ಣೆ ಕುಡಿಸಿದ್ರೂ ಮಧ್ಯಾಹ್ನ ಆದ್ರೂ ಹಾರ್ತಿತ್ತಲ್ಲ" ಅಂದ್ರು. ನಾನು ಕೈ ಮುಗಿದೆ. ಅವರು ಕಾಗದ ತೆಗ್ದು ಏನೋ ಬರೀತಾ, "ಕೋವಿ ಪಾಸು" ಅಂದ್ರು. ಆಮೇಲೆ ತಲೆ ಎತ್ತಿ, "ನೀನು ಫೇಲು" ಅಂದ್ರು.

ಗೌರಮ್ಮ "ಇನ್ನೇನೈತೆ ನಮ್ಗೆ" ಅಂದಿದ್ದು ಕಿವೀಲಿ. ಬಾಯಿಗೆ ಬಂದದ್ದು ಹೇಳ್ಬುಟ್ಟೆ. "ಅಂಗಾದ್ರೆ ಕೋವಿಗೇ ಕೆಲ್ಸ ಕೊಡಿ ಸಾ. ದಿನಾ ನಾನು ಒತ್ಕೊಂಡು ಬಂದು ಬುಡ್ತೀನಿ. ಅದಕ್ಕೆ ನಡೆಯಕೆ ಬರಲ್ವಲ್ಲ."

ಮತ್ತೆ ಕೂತ್ರು ಅವರು ಕಲ್ಲಿನ ಮೇಲೆ. ಈ ಸಲ ಪೆನ್ನು ಕೈಯಿಂದ ಬಿದ್ದೋಯ್ತು. ನಾನೇ ಎತ್ತಿ ಕೊಟ್ಟೆ, ಅದರಲ್ಲೇ ರುಜು ಹಾಕಿದ್ರು. ಕೆಳಗೆ ಒಂದು ಷರತ್ತು ಬರೆದ್ರು, ತಿಂಗ್ಳಿಗೊಂದ್ಸಲ ಕೋವಿ ತಂದು ಮೂಸಿಸ್ಬೇಕು ಅಂತ. ಮೂಸಿಸಿದೆ, ಅವರು ಇರೋವರೆಗೂ.

ಮನೆಗೆ ಬಂದು ಎಲ್ಲಾ ಹೇಳ್ದೆ. ಗೌರಮ್ಮ ಕೆಲ್ಸ ಸಿಕ್ತು ಅಂತ ಕೇಳಿ ಮಗೂನ ಎತ್ಕೊಂಡು ಒಂದು ಸುತ್ತು ತಿರುಗಿದ್ಳು, ಕುಣಿದ್ಳು ಅಂತಾನೇ ಹೇಳ್ಬೇಕು, ಆಮೇಲೆ ತಟಕ್ಕನೆ ನಿಂತು, "ಅಂದ್ರೆ ನನ್ನ ಎಣ್ಣೆ ಸರೀಗಿರ್ಲಿಲ್ಲ ಅಂತಾನಾ ಆ ಸುಬೇದಾರ್ರು ಅಂದಿದ್ದು?" ಅಂತ ಜಗಳಕ್ಕೆ ನಿಂತ್ಳು. ಎಣ್ಣೆನೂ ಸರಿ ಇತ್ತು, ಕೋವಿನೂ ಸರಿ ಇತ್ತು ಕಣೆ ಅಂದೆ. ಹಂಗಾದ್ರೆ ಸರಿ ಇಲ್ದಿದ್ದದ್ದು ಯಾವುದು ಅಂತ ಅವಳು ಕೇಳ್ಲಿಲ್ಲ, ಮರ್ಯಾದೆ ಉಳಿಸಿದ್ಳು. ಆಮೇಲೆ ಅಷ್ಟು ವರ್ಷ ಬ್ಯಾಂಕಿನ ಬಾಗ್ಲಲ್ಲಿ ನಿಂತೆ, ಬಿಸಿಲು ಚಳಿ ಮಳೆ ಎಲ್ಲಾ ಆಯ್ತು, ಯಾರ ಮೇಲೂ ಒಂದು ಗುಂಡು ಹಾರಿಸೋ ಪ್ರಸಂಗ ಬರ್ಲಿಲ್ಲ. ಕೋವಿಗೆ ಅದಕ್ಕಿಂತ ಒಳ್ಳೆ ಬೆಲೆ ಯಾವ ಅಂಗಡೀಲೂ ಕಟ್ಟಲ್ಲ. ಅದಕ್ಕೇ ಹೇಳೋದು, ಮಿಕ್ಸಿ ನಿಂತೋಯ್ತು, ಸ್ಕೂಟರ್ ಸ್ಟಾರ್ಟ್ ಆಗ್ಲಿಲ್ಲ, ಅಗ್ಗದ ಮಾಲು ಹಿಂಗೇ ಅಂತ ಅಂಗಡಿಯವರ ಮೇಲೆ ಕೂಗಾಡೋಕೆ ಮುಂಚೆ ಒಂದು ಸಲ ನಿಮ್ಮ ಕೈ ಮೂಸ್ಕೊಳಿ. ಏಳಿ, ಮುದ್ದೆ ಆರೋಗ್ತದೆ.